ವರ್ಜೀನಿಯಾದ ಹಳೇ ಹಿರಿಯರನ್ನು ಜಮೀನಿನ ಕಾಗದದಲ್ಲಿ ಹುಡುಕುವುದು ಹೇಗೆ?

ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ನಮ್ಮ ಮನೆಯ ಕಥೆಯೇ ನೆನಪಾಯಿತು. ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದೀರಿ. ಅಮೆರಿಕದ ಅಳಿಯನ ಕಡೆಯದು ವರ್ಜೀನಿಯಾದ ಆಮ್‌ಹರ್ಸ್ಟ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) 1780ರ ದಶಕದ ಒಂದು ಕ್ರಯಪತ್ರಕ್ಕೆ ಬಂದು ನಿಂತಿದೆ. ಜಮೀನು ಮಾರಿದವರ ಹೆಸರಿದೆ, ಅವರ ತಂದೆ ಯಾರು ಅಂತ ಗೊತ್ತಿಲ್ಲ, ಹುಟ್ಟಿದ ದಾಖಲೆ ಸಿಗುತ್ತಿಲ್ಲ ಎಂದಿದ್ದೀರಿ. ನನ್ನ ಗಂಡನ ಮನೆಯವರೂ ವರ್ಜೀನಿಯಾದವರೇ. ಅವರ ಹಿರಿಯರೊಬ್ಬರ ಹಿಂದೆ ನಾನು ನಾಲ್ಕು ಚಳಿಗಾಲ ಕೂತಿದ್ದೇನೆ. ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಹುಟ್ಟಿದ ದಾಖಲೆ ಹುಡುಕುವುದನ್ನು ಬಿಟ್ಟುಬಿಡಿ. ವರ್ಜೀನಿಯಾದಲ್ಲಿ ಸರ್ಕಾರ ಜನನ, ಮರಣ ಬರೆದಿಡಲು ಶುರು ಮಾಡಿದ್ದೇ 1853ರಲ್ಲಿ. 1790ರ ಜನಗಣತಿಯ ವರ್ಜೀನಿಯಾ ಪಟ್ಟಿಯೂ ಉಳಿದಿಲ್ಲ. ಚರ್ಚಿನ ಪುಸ್ತಕಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆ ಅಷ್ಟೆ. ಆದರೆ ಜಮೀನಿನ ಕಾಗದ ಮತ್ತು ಕೋರ್ಟಿನ ಪುಸ್ತಕ ರಾಶಿ ರಾಶಿ ಇವೆ. ಅವನ್ನು ಓದುವಾಗ ಒಂದೇ ಪ್ರಶ್ನೆ ಹಿಡಿದುಕೊಳ್ಳಿ: ಈ ಜಮೀನು ಇವರ ಕೈಗೆ ಹೇಗೆ ಬಂತು?

ನನ್ನ ವಿಷಯ ಹೇಳುತ್ತೇನೆ. ನಮ್ಮವರ ಹಿರಿಯರನ್ನು ಜಾನ್ ಅಂತ ಇಟ್ಟುಕೊಳ್ಳೋಣ. 1760ರ ದಶಕದಲ್ಲಿ ಲೂಯಿಸಾ ಕೌಂಟಿಯಲ್ಲಿ, ಸೌತ್ ಅನ್ನಾ ನದಿಗೆ ಸೇರುವ ಒಂದು ಹಳ್ಳದ ಪಕ್ಕದ ಇನ್ನೂರು ಎಕರೆಯನ್ನು ಅವರು ಮಾರಿದ್ದಾರೆ. ಆದರೆ ಕೊಂಡ ಪತ್ರ ಎಲ್ಲೂ ಇಲ್ಲ. ಕ್ರಯಪತ್ರಗಳ ನಕಲು ಬರೆದಿಡುವ ಡೀಡ್ ಬುಕ್ಕುಗಳ ಪುಟ ಪುಟ ತಿರುವಿದೆ. ಸೂಚಿಯಲ್ಲಿ ಹೆಸರು ಬಿಟ್ಟುಹೋಗಿರಬಹುದು ಅಂದುಕೊಂಡು ಮತ್ತೆ ಮೊದಲಿನಿಂದ ನೋಡಿದೆ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ಆಗಿನ ಕಾನೂನು ಏನಿತ್ತು ಅಂತ ಓದಿದಾಗ ಕಣ್ಣು ತೆರೆಯಿತು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಜಮೀನೆಲ್ಲ ಹಿರಿಮಗನಿಗೆ. ವರ್ಜೀನಿಯಾದಲ್ಲಿ ಈ ಪದ್ಧತಿಯನ್ನು ತೆಗೆದುಹಾಕಿದ ಕಾನೂನು ಆಗಿದ್ದು 1785ರಲ್ಲಿ, ಜಾರಿಗೆ ಬಂದಿದ್ದು 1787ರ ಜನವರಿಯಿಂದ. ಅದಕ್ಕೂ ಮುಂಚೆ ಹಿರಿಮಗನಿಗೆ ಜಮೀನು ಬರಲು ಯಾವ ಪತ್ರವೂ ಬೇಕಿರಲಿಲ್ಲ. ನಮ್ಮಲ್ಲಿ ಇರುವ ಪೌತಿ ಖಾತೆಯಂಥದ್ದೂ ಇರಲಿಲ್ಲ. ಅಂದರೆ ಕೊಂಡ ಪತ್ರ ಇಲ್ಲದಿರುವುದೇ ನನಗೆ ಸಿಕ್ಕ ಮೊದಲ ಸುಳಿವು. ಜಾನ್ ಯಾರದೋ ಹಿರಿಮಗ ಇರಬೇಕು.

ಯಾರ ಮಗ? ಇಲ್ಲಿ ನನ್ನ ಕೈ ಹಿಡಿದದ್ದು ಚಕ್ಕುಬಂದಿ. ನಮ್ಮ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ ಬರೆಯುತ್ತಾರಲ್ವಾ, ಅವರದ್ದೂ ಹಾಗೆಯೇ. ಬಿಳಿ ಓಕ್ ಮರದಿಂದ ಹೊರಟು, ಉತ್ತರದಿಂದ ಪೂರ್ವಕ್ಕೆ ಇಷ್ಟು ಡಿಗ್ರಿ ತಿರುಗಿ, ಇಷ್ಟು ಪೋಲ್ ನಡೆದು, ಇಂಥವರ ಗಡಿಯ ಪೈನ್ ಮರದವರೆಗೆ, ಹೀಗೆ ಸುತ್ತಿ ಮತ್ತೆ ಅದೇ ಓಕ್ ಮರಕ್ಕೆ. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ. ಕೋನಮಾಪಕ, ಸ್ಕೇಲು ಹಿಡಿದು ಹಾಳೆಯ ಮೇಲೆ ಬರೆದರೆ ಜಮೀನಿನ ಆಕಾರವೇ ಎದುರಿಗೆ ಬರುತ್ತದೆ. ನಾನು ಜಾನ್ ಮಾರಿದ ಜಮೀನನ್ನು ಬರೆದೆ. ಆಮೇಲೆ ಅಕ್ಕಪಕ್ಕದವರ ಜಮೀನನ್ನೂ ಬರೆದು, ಕತ್ತರಿಸಿ, ಊಟದ ಮೇಜಿನ ಮೇಲೆ ಜೋಡಿಸಿದೆ.

ಲೂಯಿಸಾ ಕೌಂಟಿ ಹುಟ್ಟಿದ್ದು 1742ರಲ್ಲಿ, ಹ್ಯಾನೋವರ್ ಕೌಂಟಿಯನ್ನು ಒಡೆದು. ಜಮೀನು ಕದಲುವುದಿಲ್ಲ, ಕೌಂಟಿ ಬದಲಾಗುತ್ತದೆ. ಆದ್ದರಿಂದ ಹಿಂದಿನ ಕಾಗದಕ್ಕೆ ಹ್ಯಾನೋವರ್‌ಗೆ ಹೋಗಬೇಕು. ಆದರೆ ಹ್ಯಾನೋವರ್‌ನ ಬಹುತೇಕ ಕೋರ್ಟು ಪುಸ್ತಕಗಳು ಈಗಿಲ್ಲ. ಅಂತರ್ಯುದ್ಧದಲ್ಲಿ ಭದ್ರವಾಗಿರಲಿ ಅಂತ ರಿಚ್ಮಂಡ್‌ಗೆ ಸಾಗಿಸಿದ್ದರು, 1865ರ ಏಪ್ರಿಲ್‌ನಲ್ಲಿ ಅಲ್ಲಿನ ಬೆಂಕಿಯಲ್ಲಿ ಹೋದವು. ಅದನ್ನು ಓದಿದ ದಿನ ನನಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಇಂಗ್ಲೆಂಡಿನ ರಾಜನ ಹೆಸರಲ್ಲಿ ಗವರ್ನರ್ ಕೊಡುತ್ತಿದ್ದ ಮೊದಲ ಮಂಜೂರಾತಿ ಇದೆಯಲ್ಲ, ಪೇಟೆಂಟ್ ಅನ್ನುತ್ತಾರೆ, ಅದರ ಪುಸ್ತಕ ಕೌಂಟಿಯಲ್ಲಿ ಇರುತ್ತಿರಲಿಲ್ಲ. ಇಡೀ ವಸಾಹತಿಗೆ ಒಂದೇ ಕಡೆ ಇಡುತ್ತಿದ್ದರು, ಹಾಗಾಗಿ ಉಳಿಯಿತು. ಈಗ ಅವು ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿವೆ, ಆನ್‌ಲೈನಿನಲ್ಲಿ ಕಾಸಿಲ್ಲದೆ ನೋಡಬಹುದು. ಅಲ್ಲಿ ಅದೇ ಹಳ್ಳದ ಹೆಸರು ಹಾಕಿ ಹುಡುಕಿದೆ. 1730ರ ದಶಕದ ಒಂದು ಪೇಟೆಂಟ್ ಸಿಕ್ಕಿತು. ಅದೇ ಡಿಗ್ರಿ, ಅದೇ ಪೋಲ್, ಅದೇ ನೆರೆಯವರು. ಮನೆತನದ ಹೆಸರೂ ಅದೇ, ಆದರೆ ವ್ಯಕ್ತಿಯ ಹೆಸರು ಥಾಮಸ್.

ಇಷ್ಟಕ್ಕೇ ತಂದೆ ಅಂತ ಬರೆದುಬಿಡಬೇಡಿ. ಅಣ್ಣನೂ ಇರಬಹುದು, ಚಿಕ್ಕಪ್ಪನೂ ಇರಬಹುದು. ಖಾತ್ರಿ ಮಾಡಿಕೊಟ್ಟದ್ದು ಲೂಯಿಸಾ ಕೋರ್ಟಿನ ಆರ್ಡರ್ ಬುಕ್. ಕೌಂಟಿ ಕೋರ್ಟಿನಲ್ಲಿ ದಿನದಿನ ಏನೇನು ನಡೆಯಿತು ಅಂತ ಎರಡೆರಡು ಸಾಲಿನಲ್ಲಿ ಬರೆದಿಡುತ್ತಿದ್ದ ಪುಸ್ತಕ ಅದು. 1747ರಲ್ಲಿ ಒಂದು ಸಾಲು: ಥಾಮಸ್‌ನ ಅನಾಥ ಮಗ ತನ್ನ ಗಾರ್ಡಿಯನ್ ಆಗಿ ಅಣ್ಣ ಜಾನ್‌ನನ್ನು ಆರಿಸಿಕೊಂಡಿದ್ದಾನೆ. ಅನಾಥ ಅಂದರೆ ಆಗ ತಂದೆ ಇಲ್ಲದವನು ಅಂತ ಅರ್ಥ, ತಾಯಿ ಬದುಕಿರಬಹುದು. ಗಾರ್ಡಿಯನ್‌ನನ್ನು ತಾನೇ ಆರಿಸಿಕೊಳ್ಳಲು ಹುಡುಗನಿಗೆ 14 ತುಂಬಿರಬೇಕು, 21 ಆಗಿದ್ದರೆ ಗಾರ್ಡಿಯನ್ ಬೇಕಾಗಿಯೇ ಇಲ್ಲ. ಹಾಗಾದರೆ ತಮ್ಮ ಹುಟ್ಟಿದ್ದು 1726 ಮತ್ತು 1733ರ ನಡುವೆ. ಗಾರ್ಡಿಯನ್ ಆದ ಜಾನ್ ಅದಕ್ಕೂ ಹಿಂದೆ ಹುಟ್ಟಿದವರು. ಜನನ ದಾಖಲೆ ಇಲ್ಲದೆಯೂ ವಯಸ್ಸು ಹೀಗೆ ಸಿಗುತ್ತದೆ. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹೆಂಡತಿಯ ಹೆಸರಿಗೂ ಕ್ರಯಪತ್ರವೇ ದಾರಿ. ಗಂಡ ತೀರಿಕೊಂಡರೆ ಅವನ ಜಮೀನಿನ ಮೂರನೇ ಒಂದು ಪಾಲನ್ನು ಹೆಂಡತಿ ಬದುಕಿರುವವರೆಗೆ ಅನುಭವಿಸಬಹುದಿತ್ತು. ಅದಕ್ಕೇ ಜಮೀನು ಮಾರುವಾಗ ಅವಳನ್ನು ಗಂಡನಿಂದ ಬೇರೆಯಾಗಿ ಕೂರಿಸಿ, ಮನಸ್ಸಿಂದ ಒಪ್ಪಿದ್ದೀಯಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಲೂಯಿಸಾದಲ್ಲಿ ನಮ್ಮ ಜಾನ್‌ನದೇ ಹೆಸರಿನ ಇನ್ನೊಬ್ಬರಿದ್ದರು. ಇಬ್ಬರನ್ನೂ ಬೇರೆ ಮಾಡಿದ್ದು ಹೆಂಡತಿಯರ ಹೆಸರು ಮತ್ತು ಹಳ್ಳದ ಹೆಸರು. ಜೂನಿಯರ್, ಸೀನಿಯರ್ ಅಂತ ಬರೆದಿದ್ದರೆ ತಂದೆ-ಮಗ ಅಂದುಕೊಳ್ಳಬೇಡಿ. ಒಂದೇ ಊರಿನ ಚಿಕ್ಕವನು, ದೊಡ್ಡವನು ಅಷ್ಟೆ.

ಇನ್ನೊಂದು ವಿಷಯ ಮುಂಚೆಯೇ ಹೇಳಬೇಕು. ಥಾಮಸ್ ತೀರಿಕೊಂಡಾಗ ಮಾಡಿದ ಆಸ್ತಿ ಪಟ್ಟಿ ಸಿಕ್ಕಿತು. ಹಸು, ಕಬ್ಬಿಣದ ಪಾತ್ರೆ, ಹಾಸಿಗೆ. ಅದೇ ಪಟ್ಟಿಯಲ್ಲಿ ಮೂರು ಜನ ಮನುಷ್ಯರು, ಬರೀ ಹೆಸರು, ಎದುರಿಗೆ ಬೆಲೆ. ಗುಲಾಮರು. ಗಂಡನಿಗೆ ತೋರಿಸಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನಿಮಗೂ ಇಂಥದ್ದು ಸಿಗಬಹುದು, ಮುಚ್ಚಿಡಬೇಡಿ. ಆ ಹೆಸರುಗಳನ್ನೂ ನಿಮ್ಮ ಟಿಪ್ಪಣಿಯಲ್ಲಿ ಪೂರ್ತಿಯಾಗಿ, ಪುಟ ಸಂಖ್ಯೆ ಸಮೇತ ಬರೆದಿಡಿ. ಅವರ ಮಕ್ಕಳ ಮಕ್ಕಳು ಇವತ್ತು ತಮ್ಮ ಹಿರಿಯರನ್ನು ಹುಡುಕುತ್ತಿದ್ದಾರೆ. ಗುಲಾಮರ ಹೆಸರು ಉಳಿದಿರುವುದು ಹೆಚ್ಚಾಗಿ ಯಜಮಾನರ ಇಂಥ ಪಟ್ಟಿ ಮತ್ತು ಉಯಿಲುಗಳಲ್ಲೇ. ಮೊಮ್ಮಗಳು ದೊಡ್ಡವಳಾದಾಗ ಅವಳಿಗೂ ಇದು ಗೊತ್ತಿರಬೇಕು ಅಂತ ನನಗನ್ನಿಸುತ್ತದೆ.

ಎಡವುವ ಜಾಗ ಎರಡು ಹೇಳಿಬಿಡುತ್ತೇನೆ. ಒಂದೇ ಜಮೀನಿಗೆ ಇವತ್ತೊಂದು ಪತ್ರ, ನಾಳೆಯೊಂದು ಪತ್ರ ಕಂಡರೆ ಎರಡು ಸಲ ಮಾರಿದರು ಅಂತಲ್ಲ. ಮೊದಲ ದಿನ ಐದು ಶಿಲ್ಲಿಂಗಿಗೆ ಒಂದು ವರ್ಷದ ಗುತ್ತಿಗೆ, ಮಾರನೇ ದಿನ ನಿಜವಾದ ಬೆಲೆಗೆ ಬಿಟ್ಟುಕೊಡುವುದು. ಮಾರುವ ಕ್ರಮವೇ ಹಾಗಿತ್ತು. ಎರಡನೆಯದು ತಾರೀಖು. 1752ರ ಮುಂಚೆ ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ 1740ರ ಫೆಬ್ರವರಿ ಬರುವುದು 1740ರ ಡಿಸೆಂಬರ್ ಆದಮೇಲೆ. ಇದು ಗೊತ್ತಿಲ್ಲದಿದ್ದರೆ ಉಯಿಲು ಬರೆಯುವ ಮೊದಲೇ ಅದು ಕೋರ್ಟಿಗೆ ಬಂದಂತೆ ಕಾಣುತ್ತದೆ.

ಈಗ ನಿಮ್ಮ ಆಮ್‌ಹರ್ಸ್ಟ್ ವಿಷಯ. ಅದು 1761ರಲ್ಲಿ ಆಲ್ಬಮಾರ್ಲ್‌ನಿಂದ ಒಡೆದ ಕೌಂಟಿ. ಆಲ್ಬಮಾರ್ಲ್ 1744ರಲ್ಲಿ ಗೂಚ್‌ಲ್ಯಾಂಡ್‌ನಿಂದ, ಗೂಚ್‌ಲ್ಯಾಂಡ್ 1728ರಲ್ಲಿ ಹೆನ್ರೈಕೋದಿಂದ. ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಹಿಂದಕ್ಕೆ ನೋಡುತ್ತಾ ಹೋಗಿ. ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ವೆಬ್‌ಸೈಟಿನಲ್ಲಿ ಖಾತೆ ತೆರೆಯಲು ದುಡ್ಡು ಬೇಡ. ಈಗ ಅಲ್ಲಿ ಕಂಪ್ಯೂಟರೇ ಹಳೇ ಕೈಬರಹ ಓದಿ, ಯಾವ ಪದ ಹಾಕಿದರೂ ಹುಡುಕಿಕೊಡುತ್ತದೆ. ಬರೀ ಅಳಿಯನ ಮನೆತನದ ಹೆಸರು ಹಾಕಬೇಡಿ. ಹಳ್ಳದ ಹೆಸರು, ನೆರೆಯವರ ಹೆಸರು, ಪತ್ರಕ್ಕೆ ಸಾಕ್ಷಿ ಹಾಕಿದವರ ಹೆಸರು ಹಾಕಿ. ಲೈಬ್ರರಿ ಆಫ್ ವರ್ಜೀನಿಯಾದಲ್ಲಿ ಚಾನ್ಸರಿ ಕೋರ್ಟಿನ, ಅಂದರೆ ಆಸ್ತಿ ಪಾಲಿನಂಥ ವ್ಯಾಜ್ಯ ನೋಡುತ್ತಿದ್ದ ಕೋರ್ಟಿನ, ಕೇಸುಗಳ ಸೂಚಿಯೂ ಇದೆ. ಅಣ್ಣತಮ್ಮಂದಿರು ಪಾಲಿಗಾಗಿ ಜಗಳವಾಡಿದ ಕೇಸು ಸಿಕ್ಕರೆ ಮೂರು ತಲೆಮಾರು ಒಂದೇ ಕಡೆ ಬರುತ್ತದೆ.

ನಿಮ್ಮ ಹತ್ತಿರ ಇರುವ ಕ್ರಯಪತ್ರದ ಚಕ್ಕುಬಂದಿಯ ಸಾಲುಗಳನ್ನು ಮತ್ತು ಸಾಕ್ಷಿಗಳ ಹೆಸರನ್ನು ಇಲ್ಲಿ ಹಾಕಿ. ಮಾರುವಾಗ ಹೆಂಡತಿ ಸಹಿ ಹಾಕಿದ್ದಾರಾ ಅನ್ನುವುದನ್ನೂ ಬರೆಯಿರಿ. ಆ ಜಮೀನನ್ನು ನಾನೂ ಒಂದು ಹಾಳೆಯ ಮೇಲೆ ಬರೆದು ನೋಡುತ್ತೇನೆ.