ಇಬಿ ಗಾಯಕ್ಕೆ ಲೇಸರ್ ಕೊಡಿಸಬಹುದಾ? ನಾವು ಕೊಡಿಸಿ ನೋಡಿದ್ದು

ನಿಮ್ಮ ಮಗಳಿಗೆ ಡಿಸ್ಟ್ರೋಫಿಕ್ ಎಪಿಡರ್ಮೋಲಿಸಿಸ್ ಬುಲ್ಲೋಸಾ, ಅಂದರೆ ಇಬಿ: ಸ್ವಲ್ಪ ಉಜ್ಜಿದರೂ ಚರ್ಮ ಗುಳ್ಳೆಯೆದ್ದು ಗಾಯವಾಗುವ ಹುಟ್ಟು ಕಾಯಿಲೆ. ಬೆನ್ನಿನ ಒಂದು ಗಾಯ ನಾಲ್ಕು ತಿಂಗಳಾದರೂ ಆರಿಲ್ಲ. ಯಾರೋ ಲೋ ಲೆವೆಲ್ ಲೇಸರ್ (ಕಡಿಮೆ ಶಕ್ತಿಯ ಬೆಳಕಿನ ಚಿಕಿತ್ಸೆ) ಕೊಡಿಸಿ ಅಂದಿದ್ದಾರೆ, ಕೊಡಿಸಬಹುದಾ ಅಂತ ಕೇಳಿದ್ದೀರಿ. ನನ್ನ ಮಗನಿಗೂ ಅದೇ ಕಾಯಿಲೆ. ಎರಡು ಕಡೆ ಕೊಡಿಸಿದ್ದೇವೆ. ಒಂದು ಕಡೆ ಕೆಟ್ಟಿತು, ಇನ್ನೊಂದು ಕಡೆ ಸ್ವಲ್ಪ ಉಪಯೋಗವಾಯಿತು.

ಮೊದಲು ಹೋಗಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ. ದಿನಾ ಹತ್ತಾರು ಜನರ ಮಂಡಿಗೆ, ಸೊಂಟಕ್ಕೆ ಲೇಸರ್ ಕೊಡುವವರು. ಅದೇ ಅಭ್ಯಾಸದಲ್ಲಿ ಪ್ರೋಬನ್ನು, ಅಂದರೆ ಬೆಳಕು ಬರುವ ಕೈಹಿಡಿಯನ್ನು, ಗಾಯದ ಅಂಚಿಗೆ ಒತ್ತಿ, ಸ್ವಲ್ಪ ಜಾರಿಸಿದರು. ಒಂದು ನಿಮಿಷವೂ ಆಗಿರಲಿಲ್ಲ. ರಾತ್ರಿ ಡ್ರೆಸ್ಸಿಂಗ್ ಬಿಚ್ಚಿದರೆ ಪ್ರೋಬ್ ತುದಿಯ ಅಳತೆಗೇ ದುಂಡನೆಯ ನೀರುಗುಳ್ಳೆ, ಅಚ್ಚು ಒತ್ತಿದ ಹಾಗೆ. ಬೆಳಕು ಸುಟ್ಟಿದ್ದಲ್ಲ. ಈ ಲೇಸರ್ ಚರ್ಮವನ್ನು ಬಿಸಿ ಮಾಡುವಂಥದ್ದಲ್ಲ. ಆ ಉಜ್ಜುವಿಕೆಯೇ ಸಾಕಾಯಿತು. ನಮ್ಮ ಮಕ್ಕಳ ಚರ್ಮ ನಿಮಗೆ ಗೊತ್ತೇ ಇದೆಯಲ್ವಾ.

ಎರಡನೇ ಕಡೆ ಇಬಿ ಮಕ್ಕಳನ್ನು ನೋಡಿ ಗೊತ್ತಿದ್ದ ನರ್ಸ್ ಇದ್ದರು. ಪ್ರೋಬ್ ಮುಟ್ಟಿಸಲೇ ಇಲ್ಲ, ಬೆರಳಗಲ ಮೇಲೆ ಹಿಡಿದರು. ಹೇಗೂ ಡ್ರೆಸ್ಸಿಂಗ್ ಬದಲಿಸುವ ದಿನವೇ ಲೇಸರ್. ಅದಕ್ಕಾಗಿ ಬೇರೆಯಾಗಿ ಬಿಚ್ಚಿದ್ದಿಲ್ಲ. ಕಣ್ಣಿಗೆ ಲೇಸರ್ ತಡೆಯುವ ಕನ್ನಡಕ ಬೇಕೇ ಬೇಕು, ಆದರೆ ಅದರ ಎಲಾಸ್ಟಿಕ್ ಪಟ್ಟಿ ಕಿವಿಯ ಹಿಂದೆ ಉಜ್ಜುತ್ತದೆ. ಪಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿಸಿದರು. ಇಂಥದ್ದು ಯಾರೂ ಹೇಳಿಕೊಡಲ್ಲ.

ಇದು ಕೆಲಸ ಮಾಡುವ ಬಗೆ ಹೀಗೆ. ಕೆಂಪು ಅಥವಾ ಅದರಾಚೆಗಿನ ಕಣ್ಣಿಗೆ ಕಾಣದ ಬೆಳಕನ್ನು ಜೀವಕೋಶದ ಮೈಟೋಕಾಂಡ್ರಿಯಾ ಹೀರಿಕೊಂಡು ಜಾಸ್ತಿ ಶಕ್ತಿ ತಯಾರಿಸುತ್ತದೆ, ಗಾಯ ಕೂಡುವ ಕೆಲಸ ಚುರುಕಾಗುತ್ತದೆ ಎನ್ನುವುದು ಲೆಕ್ಕ. ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಅಂತಿಲ್ಲ, ಡೋಸ್ ಮೀರಿದರೆ ಪರಿಣಾಮ ಉಲ್ಟಾ ಆಗಬಹುದು. ಕ್ಯಾನ್ಸರ್‌ಗೆ ಕೀಮೋ, ರೇಡಿಯೇಶನ್ ತೆಗೆದುಕೊಳ್ಳುವವರ ಬಾಯಿಹುಣ್ಣು ತಡೆಯಲು ಇದನ್ನು ಮಾರ್ಗಸೂಚಿಗಳಲ್ಲೇ ಸೇರಿಸಿದ್ದಾರೆ. ಇಬಿ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ, ಬೆರಳೆಣಿಕೆಯ ರೋಗಿಗಳ ವರದಿಗಳಷ್ಟೇ. ಮೂಲ ಕಾಯಿಲೆಯನ್ನಂತೂ ಇದು ಮುಟ್ಟುವುದಿಲ್ಲ. ನಮ್ಮ ಮಕ್ಕಳಲ್ಲಿ ಚರ್ಮದ ಪದರಗಳನ್ನು ಹಿಡಿದಿಡುವ ಕೊಲ್ಯಾಜನ್ 7 ಸರಿಯಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವೈಜುವೆಕ್ ಜೆಲ್ ಆ ಕೊಲ್ಯಾಜನ್‌ನ ಜೀನನ್ನೇ ಗಾಯದೊಳಗೆ ಒಯ್ಯುತ್ತದೆ. ಲೇಸರ್ ಅದಕ್ಕೆ ಬದಲಿ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಚುಚ್ಚಿದ್ದು "ನಾಲ್ಕು ತಿಂಗಳು" ಅನ್ನೋ ಮಾತು. ಡಿಸ್ಟ್ರೋಫಿಕ್ ಇಬಿಯಲ್ಲಿ, ಅದರಲ್ಲೂ ರಿಸೆಸಿವ್ ಬಗೆಯಲ್ಲಿ (ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ), ತುಂಬಾ ದಿನ ಆರದ ಗಾಯದಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಎಂಬ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ಚಿಕ್ಕ ಮಕ್ಕಳಲ್ಲಿ ಅಪರೂಪ, ಹದಿಹರೆಯ ದಾಟಿದ ಮೇಲೆ ಅಪಾಯ ಹೆಚ್ಚು. ಜೀವಕೋಶ ಬೆಳೆಸುವ ಬೆಳಕನ್ನು ಅಂಥ ಗಾಯದ ಮೇಲೆ ಸುಮ್ನೆ ಬಿಡುವಂತಿಲ್ಲ. ಅಂಚು ದಪ್ಪಗಾಗಿದೆಯಾ, ಗಟ್ಟಿಯಾಗಿದೆಯಾ, ನೋವು ಬೇರೆ ಥರ ಇದೆಯಾ, ಕೀವಿದೆಯಾ ಅಂತ ಮೊದಲು ಚರ್ಮದ ಡಾಕ್ಟರ್ ನೋಡಲಿ. ಬಯಾಪ್ಸಿ (ಗಾಯದ ಚೂರು ತೆಗೆದು ಪರೀಕ್ಷೆ) ಬೇಕು ಅಂದರೆ ಹೆದರಿ ಮುಂದಕ್ಕೆ ಹಾಕಬೇಡಿ.

ನಮ್ಮ ಮಗನಿಗೆ ಸಿಕ್ಕ ಲಾಭ ಇಷ್ಟು: ಭುಜದ ಗಾಯ ಮುಚ್ಚಿತು, ಡ್ರೆಸ್ಸಿಂಗ್ ಹೊತ್ತಿನ ನೋವು ಕಡಿಮೆಯಾಯಿತು. ಮೊಣಕಾಲಿನದ್ದು ಹಾಗೇ ಇದೆ. ಆದರೆ ಅದೇ ವಾರ ಸಿಲಿಕೋನ್ ಡ್ರೆಸ್ಸಿಂಗ್‌ಗೂ ಬದಲಾಗಿದ್ದೆವು, ಹಾಗಾಗಿ ಯಾವುದರಿಂದ ಆಯ್ತು ಅಂತ ಈಗಲೂ ಮನೆಯಲ್ಲಿ ಜಗಳ. ನಿಮ್ಮ ಡಾಕ್ಟರ್ ಹೂಂ ಅಂದರೆ ಒಂದೇ ಗಾಯಕ್ಕೆ ಕೊಡಿಸಿ. ಅಷ್ಟೇ ದೊಡ್ಡ ಇನ್ನೊಂದಕ್ಕೆ ಮಾಮೂಲಿ ಡ್ರೆಸ್ಸಿಂಗ್ ಮಾತ್ರ ಮಾಡಿ. ಎರಡರ ಪಕ್ಕವೂ ಸ್ಕೇಲ್ ಹಿಡಿದು ವಾರಕ್ಕೊಂದು ಫೋಟೊ ತೆಗೆದಿಡಿ.