ಪರದೆಯನ್ನು ಚೆಂದ ಮಾಡುವುದಷ್ಟೇ ನನ್ನ ಕೆಲಸವೇ?

ಪ್ರಶ್ನೆ: ದಾವಣಗೆರೆಯ ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ನಾನು ಯುಎಕ್ಸ್ ಡಿಸೈನರ್ ಆಗಿದ್ದೇನೆ, ಅಂದರೆ ಬಳಸುವವರಿಗೆ ಸುಲಭವಾಗುವಂತೆ ತಂತ್ರಾಂಶವನ್ನು ವಿನ್ಯಾಸ ಮಾಡುವವಳು. ಎಪಿಎಂಸಿಯ ದಲ್ಲಾಳಿ ಅಂಗಡಿಗಳು ಮೆಕ್ಕೆಜೋಳ, ಭತ್ತದ ಆವಕ ಮತ್ತು ತೂಕವನ್ನು ದಾಖಲಿಸಿ ರೈತರಿಗೆ ಲೆಕ್ಕದ ಪಟ್ಟಿ ಕೊಡಲು ಬಳಸುವ ತಂತ್ರಾಂಶವನ್ನು ನಾವು ತಯಾರಿಸುತ್ತೇವೆ. ಕೋಡ್ ಬರೆದು ಮುಗಿದ ಮೇಲೆ, “ಸ್ವಲ್ಪ ಚೆಂದ ಮಾಡಿಕೊಡಿ ಮೇಡಂ” ಎಂದು ಪರದೆಗಳು ನನ್ನ ಬಳಿಗೆ ಬರುತ್ತವೆ. ಬಳಸುವವರನ್ನು ಮೊದಲೇ ಕಂಡು ಮಾತಾಡೋಣ ಎಂದರೆ ಸಮಯವಿಲ್ಲ ಎನ್ನುತ್ತಾರೆ. ಯುಎಕ್ಸ್ ಎಂದರೇನು ಎಂದು ಒಮ್ಮೆ ಸ್ಲೈಡ್ ತೋರಿಸಿ ವಿವರಿಸಿದೆ. ಎಲ್ಲರೂ ಮೆಚ್ಚಿದರು, ಕೆಲಸದ ರೀತಿ ಮಾತ್ರ ಬದಲಾಗಲಿಲ್ಲ. ಸಹೋದ್ಯೋಗಿಗಳಿಗೆ ಇದನ್ನು ಹೇಗೆ ಮನವರಿಕೆ ಮಾಡಿಕೊಡಲಿ?

— ಓದುಗರೊಬ್ಬರು, ದಾವಣಗೆರೆ

ಉತ್ತರ: ವಿವರಿಸಿ ಒಪ್ಪಿಸುವ ಪ್ರಯತ್ನವನ್ನು ಸದ್ಯಕ್ಕೆ ನಿಲ್ಲಿಸಿ, ನಿಮ್ಮ ಡೆವಲಪರ್‌ಗಳಲ್ಲಿ ಒಬ್ಬರನ್ನು ಮಂಡಿಗೆ ಕರೆದುಕೊಂಡು ಹೋಗಿ. ತಂತ್ರಾಂಶ ಕಟ್ಟಿದವರಿಗೆ ಅದರ ಪ್ರತಿಯೊಂದು ದಾರಿಯೂ ಗೊತ್ತಿರುವುದರಿಂದ, ಗೊತ್ತಿಲ್ಲದವರು ಎಲ್ಲಿ ತಡವರಿಸುತ್ತಾರೆ ಎಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಇದು ಅವರ ಉದಾಸೀನವಲ್ಲ. ಬಲ್ಲವರೆಲ್ಲರಿಗೂ ಇರುವ ಮಿತಿ. ಸ್ಲೈಡುಗಳಿಂದ ಅದು ಹೋಗುವುದಿಲ್ಲ, ಕಣ್ಣಾರೆ ನೋಡಿದರೆ ಹೋಗುತ್ತದೆ.

ಮೆಕ್ಕೆಜೋಳದ ಆವಕ ಜೋರಾಗಿರುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ದಿನಗಳಲ್ಲಿ ಅಂಗಡಿಯವರಿಗೆ ತೊಂದರೆ ಕೊಡಬಾರದು. ವ್ಯಾಪಾರ ತಗ್ಗಿದ ಹೊತ್ತು ನೋಡಿ, ಅವರ ಒಪ್ಪಿಗೆ ಪಡೆದೇ ಹೋಗಿ. ಗುಮಾಸ್ತರಿಗೆ ದಿನನಿತ್ಯದ ಒಂದು ಕೆಲಸವನ್ನೇ ಕೊಡಿ: ಒಬ್ಬ ರೈತರ ಇಷ್ಟು ಚೀಲಗಳ ತೂಕ ಬರೆದು, ಹಮಾಲಿ ಕಳೆದು, ಪಟ್ಟಿ ತೆಗೆಯುವುದು. ಪರೀಕ್ಷೆ ನಡೆಯುತ್ತಿರುವುದು ತಂತ್ರಾಂಶಕ್ಕೇ ಹೊರತು ತಮಗಲ್ಲ ಎಂಬುದು ಗುಮಾಸ್ತರಿಗೆ ಮೊದಲೇ ಸ್ಪಷ್ಟವಾಗಲಿ. ನಿಮ್ಮ ಜೊತೆಗೆ ಬಂದ ಡೆವಲಪರ್‌ಗೆ ಇರುವ ನಿಯಮ ಒಂದೇ, ಅವರು ಬಾಯಿ ತೆರೆಯಕೂಡದು. ಗುಮಾಸ್ತರ ಬೆರಳು ಗುಂಡಿಯ ಪಕ್ಕದಲ್ಲೇ ಸುಳಿದಾಡುತ್ತಿರುವಾಗ “ಅಲ್ಲೇ ಇದೆಯಲ್ಲ” ಎಂದು ಹೇಳದೆ ಕೂರುವುದು ಬಹಳ ಕಷ್ಟದ ಕೆಲಸ, ಆದರೆ ನೀವು ತಿಂಗಳುಗಟ್ಟಲೆ ವಾದಿಸಿ ಹೇಳಲಾಗದ್ದನ್ನು ಆ ಕಷ್ಟವೇ ಅವರಿಗೆ ಹೇಳುತ್ತದೆ.

ಎಷ್ಟು ಜನರನ್ನು ನೋಡಬೇಕು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ತಂತ್ರಾಂಶಗಳ ಬಳಕೆಯನ್ನು ಅಧ್ಯಯನ ಮಾಡಿದ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಗಣಿತ ಮಾದರಿಯನ್ನು ಆಧರಿಸಿ, ಐವರನ್ನು ಗಮನಿಸಿದರೆ ಸುಮಾರು 85 ಪ್ರತಿಶತ ತೊಡಕುಗಳು ಕಾಣಸಿಗುತ್ತವೆ ಎಂದು ನೀಲ್ಸನ್ 2000ದಲ್ಲಿ ಬರೆದರು. ಒಬ್ಬ ಬಳಕೆದಾರರಿಂದ ಸರಾಸರಿ 31 ಪ್ರತಿಶತ ತೊಡಕುಗಳು ಹೊರಬೀಳುತ್ತವೆ ಎಂಬುದು ಈ ಲೆಕ್ಕದ ತಳಹದಿ. ಎಲ್ಲ ತಂತ್ರಾಂಶಕ್ಕೂ ಆ ಅಂಕಿ ಹೊಂದುವುದಿಲ್ಲ. ಗುಮಾಸ್ತರು, ಅಂಗಡಿಯ ಮಾಲೀಕರು, ಮೊಬೈಲಿನಲ್ಲಿ ಪಟ್ಟಿ ನೋಡುವ ರೈತರು ಬೇರೆ ಬೇರೆ ಬಗೆಯ ಬಳಕೆದಾರರಾದ್ದರಿಂದ ಒಂದೊಂದು ಬಗೆಯವರನ್ನೂ ಪ್ರತ್ಯೇಕವಾಗಿಯೇ ನೋಡಬೇಕು. ಐವರನ್ನು ನೋಡಿ ತೊಡಕನ್ನು ಹುಡುಕಬಹುದೇ ವಿನಾ “ಇಷ್ಟು ಪ್ರತಿಶತ ಬಳಕೆದಾರರಿಗೆ ಕಷ್ಟವಾಗುತ್ತಿದೆ” ಎಂದು ವರದಿ ಬರೆಯಲಾಗದು. ಹಾಗೆ ಬರೆದರೆ, ಲೆಕ್ಕ ಬಲ್ಲ ಸಹೋದ್ಯೋಗಿ ಅದನ್ನು ಪ್ರಶ್ನಿಸಿದ ದಿನ ನಿಮ್ಮ ಉಳಿದ ಮಾತಿನ ಬೆಲೆಯೂ ಇಳಿಯುತ್ತದೆ.

ಸಂಸ್ಥೆಯ ಮಾಲೀಕರಿಗೆ ಮಂಡಿಗೆ ಬರಲು ಬಿಡುವಿರಲಾರದು. ನಿಮ್ಮ ಕಚೇರಿಯಲ್ಲಿ ಗ್ರಾಹಕರ ಫೋನ್ ಎತ್ತುವವರು ಯಾರೋ, ಅವರ ಜೊತೆ ಸ್ನೇಹ ಬೆಳೆಸಿಕೊಂಡು, ಯಾವ ಪರದೆಯ ಬಗ್ಗೆ ಏನು ಕೇಳಿದರು ಎಂಬುದನ್ನು ಒಂದು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಲು ಕೋರಿ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದಿರುವುದು ಆ ಪುಸ್ತಕದಲ್ಲಿ ಕಂಡರೆ, ಅದಕ್ಕೆ ಉತ್ತರಿಸಲು ಹೋದ ಸಮಯದ ಖರ್ಚನ್ನು ಮಾಲೀಕರೇ ಲೆಕ್ಕ ಹಾಕಿಕೊಳ್ಳುತ್ತಾರೆ. ದೊಡ್ಡ ಉದಾಹರಣೆ ಬೇಕೆಂದರೆ ಸಿಟಿಬ್ಯಾಂಕಿನದು ಇದೆ. ಆಗಸ್ಟ್ 2020ರಲ್ಲಿ ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿಗೆ ಸಾಲ ಕೊಟ್ಟವರಿಗೆ ಆ ಕಂಪನಿಯ ಪರವಾಗಿ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಲು ಹೋಗಿ ಆ ಬ್ಯಾಂಕು ಸುಮಾರು 90 ಕೋಟಿ ಡಾಲರ್ ಕಳಿಸಿತು. ಅಸಲು ಹೊರಗೆ ಹೋಗದಂತೆ ತಡೆಯಲು ಪರದೆಯ ಮೂರು ಖಾನೆಗಳಲ್ಲಿ ಗುರುತು ಹಾಕಬೇಕಿತ್ತು. ಹಾಕಿದ್ದು ಒಂದರಲ್ಲಿ ಮಾತ್ರ. ಮೂವರು ನೋಡಿ ಒಪ್ಪಿಗೆ ಕೊಟ್ಟಿದ್ದರೂ ಯಾರಿಗೂ ಅದು ಹೊಳೆಯಲಿಲ್ಲ. ಹಿಂದಿರುಗದೆ ಉಳಿದ ಸುಮಾರು 50 ಕೋಟಿ ಡಾಲರಿನ ಮೊಕದ್ದಮೆ ಮೇಲ್ಮನವಿಯಲ್ಲಿ ಬ್ಯಾಂಕಿನ ಪರ ತೀರ್ಮಾನವಾಗಿದ್ದು 2022ರಲ್ಲಿ. “ಗೊತ್ತಿರುವವರು ಎಚ್ಚರದಿಂದ ಬಳಸಿದರೆ ಸಾಕು” ಎನ್ನುವವರಿಗೆ ಇದನ್ನು ಹೇಳಬಹುದು. ಆದರೂ ಮಾಲೀಕರ ಮನಸ್ಸು ಬದಲಿಸುವ ಶಕ್ತಿ ಅಮೆರಿಕದ ಬ್ಯಾಂಕಿನ ಕತೆಗಿಂತ ನಿಮ್ಮದೇ ಕಚೇರಿಯ ಫೋನ್ ಕರೆಗಳ ಪುಸ್ತಕಕ್ಕೆ ಹೆಚ್ಚು ಎಂದು ನನ್ನ ನಂಬಿಕೆ.

ವಿನ್ಯಾಸವನ್ನು ಕೊನೆಗೆ ಮಾಡಿದರೆ ಏನು ಕೆಡುತ್ತದೆ ಎಂಬುದನ್ನು ನಮ್ಮ ಭಾಷೆಯಿಂದಲೇ ತೋರಿಸಬಹುದು. ಇಂಗ್ಲಿಷ್ ಅಕ್ಷರಗಳಿಗೆ ಅಳತೆ ಮಾಡಿದ ಗುಂಡಿಯೊಳಗೆ “ಒಟ್ಟು”, “ಮೊತ್ತ” ಎಂದು ಬರೆದಾಗ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಕನ್ನಡದ ಪದ ಉದ್ದವಾದರೆ ಸಾಲು ಮುರಿದು ಪಕ್ಕದ ಅಂಕಿ ಕೆಳಗೆ ಜಾರುತ್ತದೆ. ಆಗ ಬಣ್ಣ ಬದಲಿಸಿ ಪ್ರಯೋಜನವಿಲ್ಲ, ಪರದೆಯ ಜೋಡಣೆಯನ್ನೇ ಮತ್ತೆ ಬರೆಯಬೇಕು. ಡೆವಲಪರ್‌ಗಳು ಬೇಸರಪಡುವುದು ಇಂಥ ಮರುಕೆಲಸಕ್ಕೇ ಆದ್ದರಿಂದ, ಮೊದಲೇ ಸೇರಿಸಿಕೊಳ್ಳಿ ಎಂಬ ನಿಮ್ಮ ಕೋರಿಕೆಯಲ್ಲಿ ಅವರ ಹಿತವೂ ಇದೆ. ಅದನ್ನು ಹಾಗೆಯೇ ಹೇಳಿ.

ಎಲ್ಲ ಸಭೆಗಳಿಗೂ ಕರೆಯಿರಿ ಎಂದು ಕೇಳಬೇಡಿ. ಮುಂದಿನ ಒಂದೇ ಒಂದು ಪರದೆಯನ್ನು, ಕೋಡ್ ಶುರುವಾಗುವ ಮೊದಲು, ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಅಂಗಡಿಯವರಿಗೆ ತೋರಿಸಿಬರಲು ಒಂದು ದಿನ ಕೇಳಿ. ಅಲ್ಲಿ ಕಂಡ ತೊಡಕನ್ನು ತಂಡಕ್ಕೆ ತಿಳಿಸುವಾಗ “ನೀವು ತಪ್ಪು ಮಾಡಿದ್ದೀರಿ” ಎಂಬ ಧ್ವನಿ ಬರದಿರಲಿ. ನೆಟ್‌ವರ್ಕ್ ಇಲ್ಲದಿರುವುದು, ಹಳೆಯ ಪ್ರಿಂಟರ್, ಗಡುವು ಮುಂತಾದ ಅವರ ಇಕ್ಕಟ್ಟುಗಳನ್ನು, ಗುಮಾಸ್ತರ ಮಾತನ್ನು ಕೇಳಿಸಿಕೊಂಡಷ್ಟೇ ತಾಳ್ಮೆಯಿಂದ ನೀವೂ ಕೇಳಿಸಿಕೊಳ್ಳಬೇಕು.

ಇಷ್ಟೆಲ್ಲ ನೋಡಿದ ಮೇಲೂ ಅದೇ “ಸಮಯವಿಲ್ಲ” ಮುಂದುವರಿದರೆ, ಅಲ್ಲಿರುವುದು ತಿಳಿವಳಿಕೆಯ ಕೊರತೆಯಲ್ಲ ಎಂದು ತಿಳಿಯಿರಿ. ಆಗ ಸಹೋದ್ಯೋಗಿಗಳನ್ನು ಬಿಟ್ಟು ನೇರವಾಗಿ ಮಾಲೀಕರ ಬಳಿ ಕುಳಿತು, ಯಾವ ಕೆಲಸಕ್ಕಾಗಿ ನಿಮ್ಮನ್ನು ಸೇರಿಸಿಕೊಂಡಿದ್ದಾರೆ ಮತ್ತು ಆ ಕೆಲಸಕ್ಕೆ ವಾರದಲ್ಲಿ ಎಷ್ಟು ಗಂಟೆ ಕೊಡುತ್ತಾರೆ ಎಂದು ಕೇಳಿ ಉತ್ತರ ಪಡೆಯಿರಿ.