ನೆಂಟರಿಲ್ಲದ ನುಡಿ ಇರುತ್ತದೆಯೇ?

ಅಮೆರಿಕದ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ತಾಹೋ ಸರೋವರ ಮತ್ತು ಅಲ್ಲಿನ ಮೂಲನಿವಾಸಿಗಳಾದ ವಾಶೋ ಜನರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: 'ವಾಶೋ ಭಾಷೆಗೆ ಬಂಧುಗಳಿಲ್ಲ ಎಂದಿದ್ದೀರಿ. ಮೂಲೆಯ ಬೆಟ್ಟದಲ್ಲಿ ಯಾರ ಸಂಪರ್ಕವೂ ಇಲ್ಲದೆ ಉಳಿದವರ ನುಡಿ ಹಾಗಿರಬಹುದು. ಈಗ ಅಳಿಯುತ್ತಿದ್ದರೆ ಕಾಲಧರ್ಮ. ಅದಕ್ಕೆ ಎರಡು ಪುಟ ಬೇಕಿತ್ತೇ?'

ಮಾನ್ಯರೇ, ಬೇಕಿತ್ತು. ಸಂಜ್ಞಾಭಾಷೆ ಕಲಿತ ವಾಶೋ ಎಂಬ ಚಿಂಪಾಂಜಿಯನ್ನು ಎಷ್ಟೋ ಜನ ಬಲ್ಲರು. ಅದಕ್ಕೆ ಹೆಸರು ಬಂದದ್ದು ನೆವಾಡಾದ ವಾಶೋ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ), ಕೌಂಟಿಗೆ ವಾಶೋ ಜನರಿಂದ. ಕಪಿಯ ಬಗ್ಗೆ ಬರೆದಿದ್ದರೆ ಪುಟದ ಲೆಕ್ಕ ಯಾರೂ ಕೇಳುತ್ತಿರಲಿಲ್ಲವೇನೋ!

ವಾಶೋ ಜನ ಮೂಲೆ ಸೇರಿದವರಲ್ಲ. ಬೇಸಿಗೆಯಲ್ಲಿ ತಾಹೋ ದಂಡೆಗೆ ಮೀನಿಗಾಗಿ ಬರುತ್ತಿದ್ದರು, ಚಳಿಗೆ ಮುಂಚೆ ಪೂರ್ವದ ಬೆಟ್ಟಗಳಲ್ಲಿ ಪಿನ್ಯಾನ್ ಪೈನ್ ಬೀಜ ಕೂಡಿಡುತ್ತಿದ್ದರು. ಪೂರ್ವಕ್ಕೆ ಪೈಯೂಟರು, ಪಶ್ಚಿಮಕ್ಕೆ ಮೈದು, ಮಿವೋಕ್ ಜನ. ಎಲ್ಲರೊಡನೆ ಕೊಡುಕೊಳ್ಳುವಿಕೆಯೂ ಇತ್ತು, ಜಗಳವೂ ಇತ್ತು. ಆದರೆ ನೆರೆಹೊರೆ ಬೇರೆ, ನೆಂಟಸ್ತಿಕೆ ಬೇರೆ. ಬಲೂಚಿಸ್ತಾನದ ಬ್ರಾಹುಯಿ ನಮ್ಮ ದ್ರಾವಿಡ ಬಳಗದ್ದೆಂದು ತಿಳಿದದ್ದು ಸರ್ವನಾಮ, ಕ್ರಿಯಾಪದ, ಒಂದೆರಡು ಮೂರರಂಥ ಎಣಿಕೆಯ ಪದಗಳನ್ನು ಹೋಲಿಸಿ. ವಾಶೋಗೂ ಅಂಥ ಹುಡುಕಾಟ ನಡೆದಿದೆ. 20ನೇ ಶತಮಾನದ ಆರಂಭದಲ್ಲೇ ಅದನ್ನು ಕ್ಯಾಲಿಫೋರ್ನಿಯಾದ 'ಹೋಕನ್' ಎಂಬ ಭಾಷಾಗುಂಪಿಗೆ ಸೇರಿಸಿದರು. ಪುರಾವೆ ಸಾಲದೆಂದು ಬಹಳಷ್ಟು ವಿದ್ವಾಂಸರು ಇಂದಿಗೂ ಒಪ್ಪಿಲ್ಲ. ಬಂಧುಗಳಿದ್ದು, ಗುರುತೂ ಉಳಿಯದಂತೆ ಅಳಿದಿರಬಹುದು.

ಕಾಲಧರ್ಮ ಎಂದಿರಲ್ಲ, ಅದನ್ನು ಒಪ್ಪಲಾರೆ. 1859ರಲ್ಲಿ ನೆವಾಡಾದ ವರ್ಜೀನಿಯಾ ಸಿಟಿಯ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. ತಾಹೋ ಸುತ್ತಲಿನ ಕಾಡು ಗಣಿಯ ಸುರಂಗಕ್ಕೆ ಆಸರೆಯಾಗಲು ಉರುಳಿತು. ಬೀಜ ಕೊಡುತ್ತಿದ್ದ ಪೈನ್ ಮರಗಳು ಸೌದೆ, ಇದ್ದಿಲಾದವು. ಅನ್ನದ ಮರ ಹೋದ ಮೇಲೆ ಎಷ್ಟೋ ಜನ ಬಿಳಿಯರ ಹೊಲಮನೆಗಳಲ್ಲಿ ಕೂಲಿಗೆ ನಿಂತರು. 1890ರಲ್ಲಿ ಕಾರ್ಸನ್ ಸಿಟಿ ಬಳಿ ಮೂಲನಿವಾಸಿ ಮಕ್ಕಳಿಗೆಂದು ಸ್ಟೀವರ್ಟ್ ವಸತಿಶಾಲೆ ತೆರೆಯಿತು. ಅಲ್ಲಿ ಮಕ್ಕಳು ಮನೆಮಾತು ಆಡಿದರೆ ಶಿಕ್ಷೆ. ಹಾಗೆ ಬೆಳೆದವರು ತಮ್ಮ ಮಕ್ಕಳೊಡನೆ ಇಂಗ್ಲಿಷ್ ಆಡಿದರೆ ಅದನ್ನು ಕಾಲದ ತಲೆಗೆ ಕಟ್ಟುವುದು ಹೇಗೆ?

ಕಳೆದುಹೋಗುವುದಾದರೂ ಏನು ಎಂದು ಕೇಳಬಹುದು. ಭಾಷಾವಿಜ್ಞಾನಿ ವಿಲಿಯಂ ಜೇಕಬ್ಸನ್ 1964ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ವಾಶೋ ವ್ಯಾಕರಣ ನೋಡಿ. ವಾಶೋದಲ್ಲಿ ಭೂತಕಾಲ ಒಂದಲ್ಲ: ಈಗಷ್ಟೇ ಆದದ್ದಕ್ಕೆ ಒಂದು ಪ್ರತ್ಯಯ, ಬಹಳ ಹಿಂದೆ ಆದರೂ ಹೇಳುವವರ ಆಯುಷ್ಯದೊಳಗೇ ನಡೆದದ್ದಕ್ಕೆ ಇನ್ನೊಂದು, ಅವರು ಹುಟ್ಟುವ ಮೊದಲಿನದಕ್ಕೆ ಮತ್ತೊಂದು. ಕಂಡುಂಡದ್ದು ಯಾವುದು, ಹಿರಿಯರಿಂದ ಬಂದ ಕತೆ ಯಾವುದು ಎಂಬುದು ಕ್ರಿಯಾಪದದಲ್ಲೇ ತಿಳಿಯುತ್ತದೆ.

ಇಂದು ಈ ಭಾಷೆಯನ್ನು ಸರಾಗವಾಗಿ ಆಡುವ ಹಿರಿಯರು ಬೆರಳೆಣಿಕೆಯಷ್ಟು. 1990ರ ದಶಕದಲ್ಲಿ ವಾಶೋದಲ್ಲೇ ಪಾಠ ಹೇಳುವ ಪುಟ್ಟ ಶಾಲೆ ತೆರೆದು ಕೆಲವು ವರ್ಷ ನಡೆಸಿದರು. ಅದು ಮುಚ್ಚಿದ ಮೇಲೂ ಬುಡಕಟ್ಟಿನ ಆಡಳಿತ ಭಾಷಾ ತರಗತಿಗಳನ್ನು ಕೈಬಿಟ್ಟಿಲ್ಲ.

—ಸಂ.